ಎಂಟರ ಗಂಟು

ಆ ಗುಹೆ ಬಾವಿಯಂತೆ ನೇರ ಆಳಕ್ಕಿಳಿಯುತ್ತದೆ. ಒಂದು ಹಗ್ಗ ಸಾಲದೆ, ನಾನು ಎರಡನ್ನು ಎಂಟರ ಗಂಟಿನಿಂದ ಜೋಡಿಸಿದೆ. ಎಂಟರ ಅಂಕಿಯಂತೆ ಸುತ್ತುವ ಆ ಗಂಟು ಭಾರ ಬಿದ್ದಷ್ಟೂ ಬಿಗಿಯುತ್ತದೆ.

“ತುದಿ ಗೇಣುದ್ದ ಬಿಡಪ್ಪ. ಜಾರಿದ್ರೆ ನಿಮ್ಮಕ್ಕಂಗೆ ಮುಖ ತೋರ್ಸೋಕಾಗಲ್ಲ,” ಎಂದರು ಭಾವ.

ಅವರು ಮೇಲೆಯೇ ಉಳಿದರು. ತಳ ಮುಟ್ಟಿದಾಗ ನನ್ನ ಉಸಿರು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಷ್ಟು ಒಂಟಿ ನಾನೆಂದೂ ಆಗಿರಲಿಲ್ಲ. ತಡೆಯಲಾರದೆ, “ಯಾರಾದ್ರೂ ಇದೀರಾ?” ಎಂದು ಕೂಗಿದೆ. ಮರುದನಿಯೂ ಬರಲಿಲ್ಲ.

ಹತ್ತುವಾಗ ನನ್ನ ಕೆಳಗಿನ ಹಗ್ಗ ತೂಗಾಡಬೇಕಿತ್ತು. ಅದು ನೆಟ್ಟಗೆ ನಿಂತಿತ್ತು, ಕೆಳಗೆ ಜೊತೆಗಾರನೊಬ್ಬ ಹಿಡಿದುಕೊಟ್ಟಂತೆ. ದಾಟುವಾಗ ಗಂಟನ್ನು ಮುಟ್ಟಿ ನೋಡಿದೆ. ಕಲ್ಲಿನಂತೆ ಬಿಗಿದಿತ್ತು.

ಮೇಲೆ ಬಂದು ಇಬ್ಬರೂ ಹಗ್ಗ ಎಳೆದೆವು. ಬಂದದ್ದು ಮೇಲಿನ ಹಗ್ಗ ಮಾತ್ರ.

“ಹರೀತೇನೋ?” ಎಂದು ಭಾವ ಅದರ ತುದಿಯತ್ತ ಬಾಗಿದರು.

ಹರಿದಿರಲಿಲ್ಲ. ಅದರ ತುದಿಯಲ್ಲಿ ನನ್ನ ಎಂಟು ಹಾಗೇ ಇತ್ತು. ಅದರೊಳಗೆ ಹೆಣೆದಿದ್ದ ಇನ್ನೊಂದು ಹಗ್ಗವನ್ನಷ್ಟೇ ಯಾರೋ ಸುತ್ತು ಸುತ್ತಾಗಿ ಬಿಡಿಸಿಕೊಂಡಿದ್ದರು. ನೆಲದ ಮೇಲೆ ಕೂತು ಬಿಚ್ಚಿದರೂ ಅದಕ್ಕೆ ಎರಡು ಕೈ ಬೇಕು. ಆ ಗಂಟು ತೂಗುತ್ತಿದ್ದದ್ದು ಕಾಲೂರಲೂ ಜಾಗವಿಲ್ಲದ ನಡುಗತ್ತಲಲ್ಲಿ.

ಕೆಳಗಿನ ಹಗ್ಗ ಬಿದ್ದ ಸದ್ದು ನಮ್ಮಿಬ್ಬರಿಗೂ ಕೇಳಿಸಲಿಲ್ಲ.