ಎಡಗೆನ್ನೆಯ ಮೂರು ಫೋಟೊ

೨೦೨೪ರ ನವೆಂಬರ್ ೧೮, ಸೋಮವಾರ. ರಾವಂದೂರಿನಿಂದ ಗಂಡಿನವರು ಹೆಣ್ಣು ನೋಡಲು ಬರುವುದಕ್ಕೆ ಮೂರು ದಿನ ಉಳಿದಿತ್ತು.

ಹುಣಸೂರಿನ ಸ್ಟುಡಿಯೊ ಬಾಗಿಲಲ್ಲಿ ಸುಕನ್ಯ ನಿಂತಿದ್ದಳು. ಕೈಯಲ್ಲಿದ್ದ ಫೋಟೊವನ್ನು ಮುಂದಕ್ಕೆ ಚಾಚಿದಳು.

"ನನ್ನ ಗಾಯ ಎಲ್ಲಿ?"

ಸ್ಟುಡಿಯೊ ನಡೆಸುವ ಚೇತನ್‌ಕುಮಾರ್ ತಲೆಯೆತ್ತಿದ. ಅವಳ ಎಡಗೆನ್ನೆಯ ಮೇಲೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕಾದ ಕೊಳವೆ ತಗುಲಿ ಉಳಿದ ಕಪ್ಪು ಕಲೆ ಕಿವಿಯವರೆಗೂ ಹರಡಿತ್ತು. ಫೋಟೊದಲ್ಲಿ ಅದು ಇರಲಿಲ್ಲ.

"ನಮ್ಮಪ್ಪ ಅಳಿಸಕ್ಕೆ ಯೋಳಿದ್ರಾ? ಇಲ್ಲ, ನನ್ನ ಮುಖ ನೋಡಿ ನಿಮಗೇ ಅಸಹ್ಯ ಆಯ್ತಾ?"

"ಇಲ್ಲ ಕಣ್ರೀ..."

ಗಂಡಿನ ಮನೆಯವರು ಹೆಣ್ಣಿನ ಫೋಟೊವನ್ನು ಮನೆದೇವರ ಮುಂದಿಟ್ಟು ಹೂಪ್ರಸಾದ ಕೇಳುತ್ತಾರೆ. ಅದಕ್ಕೆ ಕಾಗದದ ಫೋಟೊವೇ ಆಗಬೇಕು. ಚೇತನ್ ಇಂದಿಗೂ ಫಿಲ್ಮಿನಲ್ಲಿ ತೆಗೆದು ಕೈಯಾರೆ ಪ್ರಿಂಟ್ ಹಾಕುವವನೆಂದು ಸುಕನ್ಯಳ ತಂದೆ ಕಾಂತರಾಜು ಅವಳನ್ನು ಇಲ್ಲಿಗೆ ಕರೆತಂದಿದ್ದರು. ಇದೇ ಫೋಟೊದ ಇನ್ನೊಂದು ಪ್ರತಿಗೆ ರಾವಂದೂರಿನಲ್ಲಿ ದೇವರ ಬಲಗಡೆಯಿಂದ ಹೂವು ಬಿದ್ದು ಒಪ್ಪಿಗೆ ಸಿಕ್ಕಿತ್ತು.

'ಅದು ನನಗೆ ಬಿದ್ದ ಹೂವಲ್ಲ... ಈ ಮುಖಕ್ಕೆ ಬಿದ್ದದ್ದು.'

"ಗುರುವಾರ ಸೆರಗು ಮುಂದಕ್ಕೆ ಎಳ್ಕಂಡು ಕೂತ್ಕೊ ಅಂತವ್ರೆ ಅಪ್ಪ. ಅಷ್ಟು ಜನದ ಮುಂದೆ ಸೆರಗು ಜಾರಿದ್ರೆ? ಮೋಸಗಾತಿ ಅಂದ್ರೆ? ನಂಗೆ ನಿದ್ದೆನೇ ಬತ್ತಿಲ್ಲ."

ಚೇತನ್ ಹಳೆಯ ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದ. ಗಾಜಿನೊಳಗೆ ಮಂಜಿನಂತೆ ಬೂಷ್ಟು ಹಬ್ಬಿತ್ತು.

"ತಪ್ಪು ನಂದೇ. ಇದನ್ನ ನೋಡ್ಕಂಡಿರ್ಲಿಲ್ಲ. ಇಂಥ ಗಾಜಲ್ಲಿ ಬೆಳಕು ಚೆದುರಿ ಕಪ್ಪಿನ ಮೇಲೂ ಬೀಳ್ತದೆ, ಕಪ್ಪು ಬೂದಿ ಆಯ್ತದೆ. ಅದರ ಮೇಲೆ ಫಿಲ್ಮೂ ಮೆತ್ತನೇದು ಹಾಕಿದ್ದೆ."

ಕಪ್ಪು ಬಿಳುಪುಗಳ ಅಂತರವನ್ನು ಲೆನ್ಸು ಅರ್ಧಕ್ಕೆ ಇಳಿಸಿತ್ತು. ಫಿಲ್ಮು ಆ ಅರ್ಧವನ್ನು ಮತ್ತೆ ಅರ್ಧ ಮಾಡಿತ್ತು. ಉಳಿದ ಕಾಲುಭಾಗದಲ್ಲಿ ಗಾಯ ಅಡಗಿಹೋಗಿತ್ತು.

"ಅಂಗಾದ್ರೆ ಇರೋದನ್ನ ಇರೋ ಅಂಗೆ ತೆಗೀರಿ. ಮೊಬೈಲು ಬ್ಯಾಡ, ಅದು ಎಲ್ಲಾರ ಮುಖಕ್ಕೂ ಬೆಣ್ಣೆ ಸವರ್ತದೆ."

ಅವನು ಶುಭ್ರವಾದ ಲೆನ್ಸು ಹಾಕಿ, ಎರಡು ಬಗೆಯ ಫಿಲ್ಮಿನಲ್ಲಿ ತೆಗೆದ.

ಮರುದಿನ ಅವಳ ಮುಂದೆ ಒಂದು ಪ್ರಿಂಟ್ ಇಟ್ಟ. ಗಾಯ ಇದ್ದಿಲಿನಂತೆ ಕಪ್ಪಾಗಿ ಅರ್ಧ ಮುಖವನ್ನೇ ನುಂಗಿತ್ತು. ಸುಕನ್ಯ ಅಂಗೈಯಿಂದ ಎಡಗೆನ್ನೆ ಮುಚ್ಚಿಕೊಂಡಳು.

"ನಾನು... ಇಷ್ಟು ಭಯಂಕರವಾಗಿವ್ನಾ?"

"ಇಲ್ಲ. ಇದು ಗಡುಸು ಫಿಲ್ಮು. ಚೊಕ್ಕ ಗಾಜಿನ ಜೊತೆ ಸೇರಿ ಇರೋದನ್ನ ಹೆಚ್ಚು ಮಾಡ್ಬುಡ್ತು. ಇದೂ ಸುಳ್ಳೇ. ಈಗ ಇದ ನೋಡಿ. ಗಾಜು ಚೊಕ್ಕದ್ದು, ಫಿಲ್ಮು ಮೊದಲಿನ ಮೆತ್ತನೇದೇ. ಅದು ಕಮ್ಮಿ ಮಾಡಿದ್ದನ್ನ ಪ್ರಿಂಟ್ ಹಾಕೋವಾಗ ಸರಿ ಮಾಡ್ದೆ."

ಗಾಯ ಗಾಯದಷ್ಟೇ ಇತ್ತು. ಅದರ ಪಕ್ಕದಲ್ಲಿ ಒಂದು ಮುಖವೂ ಇತ್ತು.

"ಇದು ನಾನು," ಎಂದಳು ಮೆಲ್ಲಗೆ.

ಧೈರ್ಯ ಕರಗುವ ಮೊದಲೇ ಆ ಪ್ರಿಂಟನ್ನು ಮೊಬೈಲಿನಲ್ಲಿ ತೆಗೆದು, ರಾವಂದೂರಿನ ಗಂಡು ಮಹೇಶ್‌ಕುಮಾರನಿಗೆ ಕಳುಹಿಸಿದಳು. ಅವನು ನೋಡಿದ ಗುರುತು ಮೂಡಿತು. ಅವಳು ಕಣ್ಣು ಮುಚ್ಚಿ ಕುಳಿತಳು. ಕೊನೆಗೆ ಫೋನು ಅದುರಿತು.

'ಗುರುವಾರ ನಾವು ಬರುವುದಿಲ್ಲ.'

ಅಪ್ಪನ ಮುಖ ಅವಳ ಕಣ್ಣೆದುರು ಬಂತು. "ಮನೇಲಿ ಏನಂತ ಯೋಳ್ಲಿ?"

"ನಾನೂ ಬತ್ತೀನಿ. ಲೆನ್ಸ್ ನಂದು, ತಪ್ಪೂ ನಂದು ಅಂತೀನಿ."

"ಮೊದಲನೇ ಪ್ರಿಂಟ್ ಕೊಡೋವಾಗ ಗಾಯ ಇಲ್ಲ ಅಂತ ಕಾಣ್ಲಿಲ್ವಾ ನಿಮಗೆ?"

ಚೇತನ್ ತಲೆ ತಗ್ಗಿಸಿದ.

"ಕಾಣ್ಲಿಲ್ಲ. ಅವತ್ತು ನಿಮ್ಮ ಕಣ್ಣು ಬಿಟ್ರೆ ಬ್ಯಾರೆ ಏನೂ ನೋಡಿರ್ಲಿಲ್ಲ."

"ಚೆನ್ನಾಗದೆ. ಫೋಟೊ ತೆಗೆಯೋರು ನೋಡೋ ರೀತಿನಾ ಇದು?"

"ಬ್ಯಾರೆಯವರ ಮನೆಗೆ ಹೋಗೋ ಫೋಟೊ ಅಂತ ಬಾಯಿ ಮುಚ್ಕಂಡಿದ್ದೆ. ಈಗ ಕೇಳ್ತಿವ್ನಿ... ನನ್ನ ಮದುವೆ ಆಯ್ತೀರಾ?"

ಸುಕನ್ಯ ಮೊಬೈಲನ್ನು ಮಗುಚಿಟ್ಟಳು. 'ನಾಳೆ ಇವನೂ ಹಿಂದೆ ಸರಿದರೆ?'

"ನಂಗೆ ಭಯ ಆಯ್ತದೆ."

"ನಂಗೂನೂ."

ಸುಕನ್ಯಳ ಊರು ವೀರನಹೊಸಹಳ್ಳಿಯ ಬಸ್ಸು ಹೊರಡುವುದರಲ್ಲಿತ್ತು. ಇಬ್ಬರೂ ಹತ್ತಿದರು. ಊರು ಹತ್ತಿರವಾದಂತೆ ಅವಳ ಬೆರಳುಗಳು ತಣ್ಣಗಾದವು.

"ಉತ್ತರ ಬಾಕಿ ಉಳೀತಲ್ಲ," ಎಂದ ಚೇತನ್.

"ಬಾಕಿ ಇರೋದು ನಮ್ಮಪ್ಪನ ಹತ್ರ. ಅಲ್ಲಿ ವಸೂಲಿ ಮಾಡ್ಕಳಿ."

"ನಿಮ್ಮದು?"

ಅವಳು ತಣ್ಣಗಾದ ಕೈಯನ್ನು ಅವನ ಅಂಗೈಯಲ್ಲಿಟ್ಟಳು.

"ನಂದು ತೀರ್ತು."