ಇನ್ನೂರ ಹದಿನಾಲ್ಕನೆಯ ಹೂಂ

ಧಾರವಾಡದ ಸಭಾಂಗಣದ ವೇದಿಕೆಯ ಮೇಲೆ ಇಬ್ಬರು ಎದುರುಬದುರು ಕೂತಿದ್ದರು. ಒಬ್ಬಾಕೆ ಕುಂದಗೋಳದ ಅಂಗನವಾಡಿ ಶಿಕ್ಷಕಿ. ಶಾಲೆಯ ಬಿರುಕುಬಿಟ್ಟ ಛಾವಣಿಯ ಬಗ್ಗೆ ಹೇಳುತ್ತಿದ್ದಳು. ಕೇಳುತ್ತಿದ್ದವನು ಇಲಾಖೆಯ ಅಧಿಕಾರಿ. ಅವನ ಕಿವಿಯ ಹಿಂದೆ ಕಡಲೆಕಾಳಿನಷ್ಟು ದೊಡ್ಡ, ಆಲಿಕೆಗುಂಡಿ ಎಂಬ ಯಂತ್ರ ಅಂಟಿತ್ತು. ಅರ್ಧ ನಿಮಿಷದಲ್ಲಿ ಮೂರು ಸಲ ಅವನು ಹೌಹಾರಿ ಕಿವಿ ಮುಟ್ಟಿಕೊಂಡ. ಸಭೆ ನಕ್ಕಿತು. ನಾಲ್ಕನೆಯ ನಿಮಿಷಕ್ಕೆ ಅವನ ಮುಖ ಬದಲಾಯಿತು.

"ಮತ್ತ ಹುಡುಗರನ್ನ ಎಲ್ಲಿ ಕುಂದರಸ್ತೀರಿ?" ಎಂದು ಕೇಳಿದ. ಒಂಬತ್ತು ಅರ್ಜಿ ಕೊಟ್ಟರೂ ಆಕೆಯನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು.

ಗುಂಡಿಯನ್ನು ಕಂಡುಹಿಡಿದವರು ಡಾ. ಸುಪ್ರಿಯಾ ಹಾವನೂರ. ತತ್ತ್ವ ಸರಳ. ಎದುರಿನವರು ಮಾತಾಡುತ್ತಿರುವಾಗಲೇ ನಮ್ಮ ಮಿದುಳು ಕಳ್ಳತನದಿಂದ ತನ್ನ ಉತ್ತರ ಜೋಡಿಸತೊಡಗುತ್ತದೆ. ಆಗ ಏಳುವ ಸಣ್ಣ ವಿದ್ಯುತ್ ಅಲೆಯನ್ನು ಹಿಡಿದು ಗುಂಡಿ ಚರ್ಮವನ್ನು ಚಿವುಟುತ್ತದೆ, ಅಷ್ಟೇ. 2060ರ ಹೊತ್ತಿಗೆ ವೈದ್ಯರು, ನ್ಯಾಯಾಧೀಶರು ಅದನ್ನು ಹಾಕಿಕೊಳ್ಳತೊಡಗಿದ್ದರು. ಮದುವೆಯ ಮಾತುಕತೆಗೂ ಬೀಗರು ಗುಂಡಿ ಹಾಕಿಕೊಂಡೇ ಬರುತ್ತಿದ್ದರು.

ಭಾಷಣದ ಕೊನೆಗೆ ಸುಪ್ರಿಯಾ ಯಾವಾಗಲೂ ಒಂದು ಧ್ವನಿ ಕೇಳಿಸುತ್ತಿದ್ದರು: ಮಾದರಿ ಇನ್ನೂರ ಹದಿನಾಲ್ಕು. ಮೊದಲ ಗುಂಡಿ ಚಿವುಟುತ್ತಿರಲಿಲ್ಲ, ಅಲೆಯನ್ನೂ ಮಾತನ್ನೂ ಬರೀ ದಾಖಲಿಸುತ್ತಿತ್ತು. ಅದನ್ನು ತಾವೇ ಹಾಕಿಕೊಂಡು, ದಿನಾ ಸಂಜೆ ಫೋನ್ ಮಾಡುತ್ತಿದ್ದ ತಂಗಿ ತೇಜುವಿನ ಜೊತೆ ಮಾತಾಡಿ ಕೂಡಿಸಿದ ಮಾದರಿಗಳವು. ಖಾಸಗಿ ಮಾತು ಬಯಲಾಗಬಾರದೆಂದು, ಸಭೆಗೆ ಕೇಳಿಸುವ ಪ್ರತಿಯಲ್ಲಿ ಯಂತ್ರ ತಂಗಿಯ ದನಿಯನ್ನು ಮುಚ್ಚಿ, ಅಕ್ಕನದನ್ನಷ್ಟೇ ಉಳಿಸುತ್ತಿತ್ತು.

"ಹೂಂ... ಹೂಂ... ಏನಾಗಂಗಿಲ್ಲ ತಗೋ."

"ಇದು ಅಪ್ಪಟ ಸುಳ್ಳು ಹೂಂ," ಎನ್ನುತ್ತಿದ್ದರು ಸುಪ್ರಿಯಾ. "ನಮ್ಮಜ್ಜಿ ಕಥೆ ಹೇಳುವಾಗ ಹೂಂ ಅನ್ನದಿದ್ದರೆ ಕಥೆ ನಿಲ್ಲುತ್ತಿತ್ತು. ಹಾಗಾಗಿ ನಿದ್ದೆಯಲ್ಲೂ ಹೂಂ ಅನ್ನುವುದನ್ನು ನಾನು ಕಲಿತೆ." ತಮ್ಮ ಮನೆಯಲ್ಲೂ ಇದೇ ಹಣೆಬರಹವೆಂದು ಜನ ಬಿದ್ದು ಬಿದ್ದು ನಗುತ್ತಿದ್ದರು.

ಧಾರವಾಡದಲ್ಲಿ ಆ ದಿನ ಸಭೆ ಚದುರಿದ ಮೇಲೂ ಒಬ್ಬ ಉಳಿದಿದ್ದ. ತೇಜುವಿನ ಗಂಡ ಶರಣು. ತೇಜು ಸ್ತನದ ಕ್ಯಾನ್ಸರಿನಿಂದ ತೀರಿಕೊಂಡು ಎಂಟು ತಿಂಗಳಾಗಿತ್ತು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕೈಮೀರಿತ್ತು. ಯಾರಿಗೂ ಹೇಳದೆ ನುಂಗಿಕೊಂಡಳೆಂದು ಎಲ್ಲರೂ ಅವಳನ್ನೇ ದೂರಿದ್ದರು. ಸುಪ್ರಿಯಾ ಕೂಡ.

"ಅಕ್ಕಾರ, ಆ ಫೋನಿನ ಮಾತು ಪೂರಾ ಐತೇನ್ರಿ? ಆಕಿ ದನಿ ಕೇಳಬೇಕ ಅನಸ್ತೈತಿ."

ಮೂಲ ಧ್ವನಿ ಭದ್ರವಾಗಿತ್ತು. ನೂರಾರು ಸಭೆಗಳಲ್ಲಿ ತಮ್ಮ ಹೂಂ ಕೇಳಿಸಿದ್ದ ಸುಪ್ರಿಯಾ ಅದನ್ನೊಮ್ಮೆಯೂ ತೆರೆದಿರಲಿಲ್ಲ. ಖಾಲಿ ಕುರ್ಚಿಗಳ ನಡುವೆ ಇಬ್ಬರೂ ಕೂತು ಕೇಳಿದರು.

"ಅಕ್ಕಾ, ಎಡಗಡೆ ಎದಿಯಾಗ ಒಂದ ಗಂಟು ಕೈಗೆ ಹತ್ತಾಕತ್ತೈತಿ."

"ಹೂಂ."

"ಬ್ಯಾನಿ ಇಲ್ಲ. ಶರಣುಗ ಹೇಳಿದ್ರ ಗಾಬರಿ ಆಕ್ಕಾನ. ತೋರಸ್ಲೋ, ಬಿಡ್ಲೋ?"

"ಹೂಂ... ಏನಾಗಂಗಿಲ್ಲ ತಗೋ."

ತೇಜು ನಿರಾಳವಾಗಿ ನಕ್ಕಳು. "ನೀ ಅಂದ್ಯಲ್ಲ, ಹಂಗಾರ ಬಿಡು."

ಶರಣು ನೆಲ ನೋಡುತ್ತ ಮಾತಾಡತೊಡಗಿದ.

"ಯಾರಿಗೂ ಹೇಳಲಿಲ್ಲಂತ ಆಕಿಗೆ ಬೈದೇನ್ರಿ ನಾ, ಕಡೀ ದಿನದಾಗ. ಮಾರಿ ಗ್ವಾಡಿಗೆ ಹೊಳ್ಳಿಸಿ ಮಲಗಿದ್ಲು. ನಿಮ್ಮ ಹೆಸರ ಮಾತ್ರ ಹೇಳಲಿಲ್ಲರಿ."

ಸುಪ್ರಿಯಾರ ಮನಸ್ಸು ಕ್ಷಮೆಗೆ, ಸಮಜಾಯಿಷಿಗೆ ಧಾವಿಸಿತು. ಆಗ ಕೆಲಸದ ಒತ್ತಡವಿತ್ತು, ಇದೇ ಗುಂಡಿಯ ಕೆಲಸ... ಭಾಷಣಕ್ಕೆಂದು ಹಾಕಿಕೊಂಡಿದ್ದ ಗುಂಡಿ ಅವರ ಕಿವಿಯ ಹಿಂದೆ ಚಿವುಟಿತು. ಮತ್ತೆ ಚಿವುಟಿತು. ಅವರು ಅದನ್ನು ಕಿತ್ತು ಮೇಜಿನ ಮೇಲಿಟ್ಟರು.

ಶರಣು ತಲೆಯೆತ್ತಿದ. "ಕೇಳಾಕತ್ತೀರೇನ್ರಿ ಅಕ್ಕಾರ?"

ಹೂಂ ನಾಲಿಗೆಯ ತುದಿಗೆ ಬಂದಿತ್ತು. ಸುಪ್ರಿಯಾ ಅದನ್ನು ನುಂಗಿಕೊಂಡರು. ಈಗ ಕೇಳಬೇಕಾದದ್ದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಆ ಸಂಜೆ ಫೋನಿನಲ್ಲೂ ಇಷ್ಟನ್ನು ಕೇಳಬಹುದಿತ್ತು.

"ಮಾರಿ ಗ್ವಾಡಿಗೆ ಹೊಳ್ಳಿಸಿ ಮಲಗಿದ್ಲು," ಎಂದರು. "ಆಮ್ಯಾಲೆ?"