ಒಂದು ಕೈಗೆ ಎಣ್ಣೆ

“ಏನೇ ಹಚ್ಬುಟ್ಟೆ ನನ್ ಕೈಗೆ?”

ಚಾಪೆಯ ಮೇಲೆ ಮಲಗಿದ್ದ ಅಮ್ಮ ದಡಕ್ಕನೆ ಎದ್ದು ಕೂತಳು. ಲೋಹಿತಾಳ ಕೈಯಲ್ಲಿದ್ದ ಎಣ್ಣೆ ಬಟ್ಟಲು ಚೆಲ್ಲುವುದೊಂದು ಬಾಕಿ.

“ಕೊಬ್ಬರಿ ಎಣ್ಣೆ ಕಣಮ್ಮ. ನಿನ್ ಕೈ ಒಡ್ದೋಗೈತಲ್ಲ, ಅದ್ಕೇ...”

ಅಮ್ಮ ಪೂರ್ತಿ ಕೇಳಲೇ ಇಲ್ಲ. ಬಚ್ಚಲಿಗೆ ಓಡಿ ಬಲಗೈಗೆ ಸೋಪು ಹಾಕಿ ಉಜ್ಜಿದಳು. ತೊಳೆದು ಮೂಸಿ ನೋಡಿದಳು. ಮತ್ತೆ ಉಜ್ಜಿದಳು.

ಲೋಹಿತಾಗೆ ತಲೆಬುಡ ಅರ್ಥವಾಗಲಿಲ್ಲ. ಶನಿವಾರದ ಬೆಳಗಿನ ಸ್ಕೂಲು ಮುಗಿಸಿ ಬಂದಾಗ ಅಮ್ಮ ಮಲಗಿದ್ದಳು. ಸೆಕೆಂಡ್ ಶಿಫ್ಟಿಗೆ ಹೋಗುವ ಮುಂಚೆ ದಿನಾ ಹಾಗೆ ಸ್ವಲ್ಪ ಮಲಗುತ್ತಾಳೆ. ಪಾಪ, ಬೆರಳೆಲ್ಲ ಬಿರುಕು ಬಿಟ್ಟಿದೆ ಎಂದು ಎಣ್ಣೆ ಸವರಿದರೆ, ಅಮ್ಮ ಹಾವು ತುಳಿದವಳ ಹಾಗೆ ಆಡುತ್ತಿದ್ದಾಳೆ! ಅಳು ಬಂತು. ಅಳುವಿಗಿಂತ ಮುಂಚೆ ಸಿಟ್ಟು ಬಂತು.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಶ್ವತ್ಥಮ್ಮಜ್ಜಿ ಮೊಮ್ಮಗಳ ಪರ ನಿಂತರು. “ಒಂದ್ ತೊಟ್ಟು ಎಣ್ಣೆಗೆ ಇಷ್ಟು ರಂಪಾನಾ? ಮಧುಗಿರಿ ಬೆಟ್ಟ ಏನ್ ಉರುಳ್ಕೊಂಡು ಬಿತ್ತಾ?”

“ಅತ್ತೆ, ಫ್ಯಾಕ್ಟರೀಲಿ ದೊಡ್ ಪೀಸು ಇವತ್ತು ನಾನೊಬ್ಳೇ ಮಾಡ್ಬೇಕಿತ್ತು. ಮೊದಲ್ನೇ ಸಲ.” ಅಮ್ಮ ಮತ್ತೆ ಕೈ ಮೂಸಿದಳು.

ಅಮ್ಮನ ಫ್ಯಾಕ್ಟರಿ ತುಮಕೂರು ರಸ್ತೆಯಲ್ಲಿದೆ. ಅಲ್ಲಿ ರೆಸಿನ್ ಎಂಬ ಅಂಟು ಮೆತ್ತಿದ ಕಪ್ಪು ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ದೊಡ್ಡ ಒಲೆಯಂಥ ಮೆಷಿನ್ನಿನಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಕಬ್ಬಿಣದಷ್ಟು ಗಟ್ಟಿಯಂತೆ, ಆದರೆ ಹಗುರವಂತೆ. ಮಿಲಿಟರಿ ವಿಮಾನಕ್ಕಂತೆ. ಬಟ್ಟೆಯಿಂದ ವಿಮಾನ ಎಂದು ಕ್ಲಾಸಿನಲ್ಲಿ ಹೇಳಿದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ವಿಮಾನದ ಯಾವ ಭಾಗ ಎಂದು ಕೇಳಿದರೆ ಅಮ್ಮನಿಗೂ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವಂತಿಲ್ಲ.

“ತೊಳ್ಕೊಂಡ್ಯಲ್ಲಮ್ಮ. ಗ್ಲೌಸ್ ಬೇರೆ ಹಾಕ್ತೀಯ. ಯಾರ್ಗೂ ಗೊತ್ತಾಗಲ್ಲ ಬುಡು,” ಎಂದಳು ಲೋಹಿತಾ.

ಅಮ್ಮ ಅವಳ ಸ್ಕೂಲ್ ಬ್ಯಾಗಿನಲ್ಲಿದ್ದ ಹಾಳೆಯಿಂದ ನೋಟ್‌ಬುಕ್ ಲೇಬಲ್ ಒಂದನ್ನು ಕಿತ್ತಳು. “ನಿನ್ ಎಣ್ಣೆ ಬೆರಳಲ್ಲಿ ಇದ್ರ ಅಂಟು ಮುಟ್ಟು. ಹೂಂ, ಈಗ ನೋಟ್‌ಬುಕ್‌ಗೆ ಅಂಟ್ಸು.”

ನೋಡಲು ಚೆನ್ನಾಗಿಯೇ ಅಂಟಿತು. ಅಮ್ಮ ನೋಟ್‌ಬುಕ್ಕನ್ನು ಬೀಸಣಿಗೆಯಂತೆ ಜೋರಾಗಿ ಬೀಸಿದಳು. ಬೆರಳು ತಾಗಿದ ಮೂಲೆ ಮೆಲ್ಲಗೆ ಮೇಲೆದ್ದಿತು.

“ಅಲ್ಲಿ ಇಂಥವು ನಲ್ವತ್ತು ಪದರ ಕಣೇ. ಒಳಗೆ ಒಂದ್ಕಡೆ ಸರಿಯಾಗಿ ಅಂಟ್ದಿದ್ರೂ ಹೊರಗೆ ಕಾಣಲ್ಲ. ವಿಮಾನ ಮೇಲೋದಾಗ ಬಿಟ್ಕೊಂಡ್ರೆ?”

“ಅದ್ರಲ್ಲಿ ಜನ ಕೂತಿರ್ತಾರಾ?”

“ನಂಗೊತ್ತಿಲ್ಲ ಮಗಾ. ಕೂತಿರ್ತಾರೆ ಅಂದ್ಕೊಂಡೇ ಮಾಡ್ತೀನಿ.”

ಲೋಹಿತಾಳ ಗೊಂದಲ ಇನ್ನೂ ಹೆಚ್ಚಾಯಿತು. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ. ಅಂಥವರಿಗಾಗಿ ಅಮ್ಮ ಯಾಕಿಷ್ಟು ಹೆದರಬೇಕು?

ಅಷ್ಟರಲ್ಲಿ ಅಮ್ಮ ಸೂಪರ್‌ವೈಸರ್ ಲಕ್ಷ್ಮೀಪತಿಯವರಿಗೆ ಫೋನ್ ಮಾಡಿದಳು. “ಸಾರ್, ಕೈಗೆ ಎಣ್ಣೆ ತಾಗ್ಬುಟ್ಟೈತೆ. ತೊಳ್ದಿದೀನಿ. ಆದ್ರೂ ಹೇಳ್ಬೇಕು ಅಂತ ಮಾಡ್ದೆ.” ಮಗಳು ಹಚ್ಚಿದಳು ಎಂದು ಮಾತ್ರ ಹೇಳಲಿಲ್ಲ.

ಆ ಕಡೆಯಿಂದ ದೊಡ್ಡ ದನಿ ಕೇಳಿಸಿತು. “ರೂಲ್ಸ್ ಗೊತ್ತಲ್ಲ ಸುನಿತಾ. ಇವತ್ತು ಪದರ ಹಾಸೋ ಟೇಬಲ್ ಬ್ಯಾಡ, ಸ್ಟೋರಲ್ಲಿ ಲೆಕ್ಕ ನೋಡ್ಕೊಳ್ಳಿ. ಆ ಪೀಸು ಗಂಗಲಕ್ಷ್ಮಿ ಮಾಡ್ಲಿ.”

“ಆಯ್ತು ಸಾರ್.”

ತಿಂಗಳಿಂದ ಅಮ್ಮ ಆಸೆಪಟ್ಟಿದ್ದ ಪೀಸು ಅಷ್ಟರಲ್ಲೇ ಬೇರೆಯವರ ಪಾಲಾಯಿತು. ಲೋಹಿತಾ ಎಣ್ಣೆ ಬಟ್ಟಲನ್ನು ದೂರ ಸರಿಸಿದಳು.

“ಸಾರಿ ಅಮ್ಮ.”

ಅಮ್ಮ ಗಡಿಯಾರ ನೋಡಿದಳು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಮಗಳ ಪಕ್ಕ ಕೂತು ಎಡಗೈ ಚಾಚಿದಳು.

“ನಾಳೆ ರಜ. ಸೋಮವಾರದವರ್ಗೂ ಟೇಬಲ್ ಇಲ್ಲ. ಈ ಕೈಗೂ ಹಚ್ಬುಡು.”

ಲೋಹಿತಾ ಒಂದೊಂದೇ ಬೆರಳು ಹಿಡಿದು ಮೆತ್ತಗೆ ತಿಕ್ಕತೊಡಗಿದಳು. ಅಮ್ಮ ಮತ್ತೆ ಗಡಿಯಾರದತ್ತ ನೋಡಿದಳು. ಎರಡು ಗಂಟೆಗೆ ಗಂಗಲಕ್ಷ್ಮಿ ಆಂಟಿ ಮೊದಲ ಪದರ ಹಾಸುತ್ತಾರೆ. ಅಮ್ಮನ ಮನಸ್ಸು ಅಲ್ಲೇ ಇದೆ ಎಂದು ಅವಳಿಗೆ ತಿಳಿಯಿತು.

ವಿಮಾನದಲ್ಲಿ ಯಾರು ಕೂರುತ್ತಾರೋ ಲೋಹಿತಾಗೆ ಈಗಲೂ ಗೊತ್ತಿಲ್ಲ. ಯಾರೇ ಆಗಲಿ, ಅವರ ಮನೆಯಲ್ಲೂ ಅವರ ದಾರಿ ಕಾಯುವ ಒಬ್ಬಳು ಹುಡುಗಿ ಇರಬಹುದು ಅನ್ನಿಸಿತು.